ಎಂಟನೇ ಹಲಗೆಯ ಎರಡನೇ ಕಲೆ

ಹೊಡೆದದ್ದು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಸಲೀಸು, ನನಗೂ ಎದೆ ಹಗುರ. ಎಂಟನೇ ನಂಬರಿನ ಕಾರ್ಬನ್ ಹಲಗೆಯ ಮೇಲೆ, ಒಂದು ಲೀಟರ್ ನೀರು ತುಂಬಿದ ಸ್ಟೀಲ್ ಬಾಟ್ಲಿಯನ್ನು ಕೈಯೆತ್ತಿ ಕುಕ್ಕಿದವನು ನಾನು. ಕುಕ್ಕಿದ್ದು ಬೇಕಂತ ಅಲ್ಲ. ಆಮೇಲೆ ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆನಲ್ಲ, ಅದು ಮಾತ್ರ ಬೇಕಂತಲೇ. ಮಾಮೂಲಿ ದಿನಗಳಲ್ಲಿ ನನ್ನ ಬಾಯಿ ಮುಚ್ಚಿಸಲು ಮೂರು ಜನ ಸೇರಬೇಕು. ಆ ವಾರ ನಾನೊಬ್ಬನೇ ನಿಭಾಯಿಸಿದೆ.

ನನ್ನ ಕೆಲಸ ಏನು ಅಂತ ಹೇಳದೆ ಮುಂದೆ ಹೋದರೆ ಅರ್ಥವಾಗುವುದಿಲ್ಲ. ದಿನಾ ಬೆಳಿಗ್ಗೆ ಕುದೂರಿನಿಂದ ಮಾಗಡಿಗೆ ಒಂದು ಬಸ್ಸು, ಮಾಗಡಿಯಿಂದ ರಾಮನಗರಕ್ಕೆ ಇನ್ನೊಂದು ಬಸ್ಸು ಹಿಡಿದು, ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋಗುತ್ತೇನೆ. ಪ್ರಾಜೆಕ್ಟ್ ಅಸಿಸ್ಟೆಂಟ್ ಅಂತ ಐಡಿ ಕಾರ್ಡಿನಲ್ಲಿ ಬರೆದಿದೆ. ನಮ್ಮವ್ವ ಊರಲ್ಲಿ ಎಲ್ಲರಿಗೂ "ನನ್ನ ಮಗ ಇಮಾನ ಮಾಡ್ತಾನೆ" ಅಂತ ಹೇಳಿಕೊಂಡು ಬಂದಿದ್ದಾಳೆ. ನಾನು ಮಾಡುವುದು ಕಪ್ಪು ಬಟ್ಟೆ ಕತ್ತರಿಸುವುದು, ಅಂಟು ಕಲಸುವುದು, ಹಲಗೆಯ ಅಂಚು ಉಜ್ಜುವುದು. ಬಿಡುವಾದಾಗ ಎಲ್ಲರ ದನಿ ಮಾಡುವುದು. ಮಾಗಡಿ ಬಸ್ಸಿನ ಕಂಡಕ್ಟರು ನನ್ನ ಬಾಯಲ್ಲಿ ಅಚ್ಚುಕಟ್ಟಾಗಿ ಬರುತ್ತಾರೆ. ಲ್ಯಾಬಿನ ವ್ಯಾಕ್ಯೂಮ್ ಪಂಪು ಇನ್ನೂ ಚೆನ್ನಾಗಿ ಬರುತ್ತದೆ. ಒಂದು ಸಲ ಅದನ್ನು ಕೇಳಿ ಅಕ್ಕ ಊಟ ಬಿಟ್ಟು ಎದ್ದು ಬಂದು, ಆಫ್ ಆಗಿದ್ದ ಪಂಪನ್ನು ಇನ್ನೊಮ್ಮೆ ಆಫ್ ಮಾಡಿ ಹೋಗಿದ್ದಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಕನಕಪುರದ ಕಡೆಯವಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಪೊರೆ ಬಿಡುವ ಹೊತ್ತಿನ ನಾಲ್ಕನೇ ಜ್ವರದ ಹುಳು ಹೇಗೆ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಮಲಗಿರುತ್ತದೋ ಹಾಗೆಯೇ ಕಂಪ್ಯೂಟರ್ ಮುಂದೆ ಕೂತಿರುತ್ತಾಳೆ ಅಂತ ನಾನು ರೇಗಿಸುತ್ತಿದ್ದೆ. "ನೀನು ನಾಲ್ಕನೇ ಜ್ವರ ಎದ್ದ ಹುಳು ಕಣೋ, ತಿನ್ನೋದೊಂದೇ ಗೊತ್ತು" ಅಂತ ಅವಳು ವಾಪಸ್ ಕೊಡುತ್ತಿದ್ದಳು. ಲ್ಯಾಬಿನಲ್ಲಿ ಇನ್ನೊಬ್ಬರು ಅಂದರೆ ನಮ್ಮ ಮೇಷ್ಟ್ರು, ಅಕ್ಕನ ಗೈಡು. ಅವರು ಏನೇ ಹೇಳಲಿ, ಕೊನೆಗೆ "ಅರ್ಥ ಆಯ್ತಾ, ಆಗ್ಲಿಲ್ವಾ?" ಅಂತ ಸೇರಿಸುತ್ತಾರೆ. ಆಯ್ತು ಅಂದರೆ ಏನು ಅರ್ಥವಾಯ್ತು ಅಂತ ಕೇಳುತ್ತಾರೆ. ಆಗಲಿಲ್ಲ ಅಂದರೆ ಯಾಕೆ ಆಗಲಿಲ್ಲ ಅಂತ ಕೇಳುತ್ತಾರೆ. ಮುಖ್ಯವಾದ ಮಾತು ಬಂದಾಗ ತಮ್ಮ ನೀರಿನ ಬಾಟ್ಲಿಯನ್ನು ಮೇಜಿನ ಮೇಲೆ ಟಕ್ ಅಂತ ಕುಕ್ಕುತ್ತಾರೆ.

ಈಗ ಹಲಗೆಯ ವಿಷಯ. ವಿಮಾನದ ರೆಕ್ಕೆಗೂ ಮೈಗೂ ಈಗ ಅಲ್ಯೂಮಿನಿಯಂ ಬದಲು ಕಾರ್ಬನ್ ನಾರಿನ ಹಲಗೆ ಹಾಕುತ್ತಾರೆ. ಕಪ್ಪು ನಾರಿನ ಬಟ್ಟೆಗೆ ರೆಸಿನ್ ಅನ್ನುವ ಅಂಟು ಸವರಿ, ಪದರದ ಮೇಲೆ ಪದರ ಕೂರಿಸಿ, ಬಿಸಿ ಕೊಟ್ಟು ಗಟ್ಟಿ ಮಾಡಿದ್ದು. ಹಗುರ, ಬಲವಾದದ್ದು, ನೋಡೋಕೂ ಚಂದ. ಒಂದೇ ಕೆಟ್ಟ ಬುದ್ಧಿ, ಏಟು ಬಿದ್ದರೆ ಹೇಳಿಕೊಳ್ಳುವುದಿಲ್ಲ. ತಗಡಾದರೆ ತಗ್ಗು ಬಿದ್ದು ತೋರಿಸುತ್ತದೆ. ಇದು ಮೇಲೆ ನುಣ್ಣಗೆ ಹೊಳೆಯುತ್ತಾ ಒಳಗೆ ಚಿರೋಟಿ ಹಾಗೆ ಪದರ ಬಿಟ್ಟುಕೊಂಡಿರುತ್ತದೆ. ರಿಪೇರಿ ಮಾಡುವವರ ಕೈಯಿಂದ ಒಂದು ಸ್ಪ್ಯಾನರ್ ಜಾರಿ ರೆಕ್ಕೆ ಮೇಲೆ ಬಿದ್ದರೆ ಸಾಕು, ಕಣ್ಣಿಗೆ ಏನೂ ಕಾಣದೆ ಒಳಗೆ ಹಾಳಾಗಿರಬಹುದು.

ಅದನ್ನು ಕರೆಂಟಿನಿಂದ ಕಂಡುಹಿಡಿಯುವುದೇ ಅಕ್ಕನ ಸಂಶೋಧನೆ. ಕಾರ್ಬನ್ ನಾರಿನಲ್ಲಿ ಕರೆಂಟು ಹರಿಯುತ್ತದೆ. ಹಲಗೆಯ ನಾಲ್ಕೂ ಅಂಚಿಗೆ ಹದಿನಾರು ತಾಮ್ರದ ಪಟ್ಟಿ ಅಂಟಿಸಿ, ಎರಡು ಪಟ್ಟಿಯಿಂದ ಚೂರು ಕರೆಂಟು ಬಿಟ್ಟು, ಮಿಕ್ಕ ಪಟ್ಟಿಗಳಲ್ಲಿ ಎಷ್ಟೆಷ್ಟು ಬಂತು ಅಂತ ಅಳೆಯುವುದು. ಹೊಸದಾಗಿ ಸೇರಿದಾಗ ನನಗೆ ಇದು ತಲೆಗೆ ಹತ್ತಲಿಲ್ಲ. ಅಕ್ಕ ಹೇಳಿಕೊಟ್ಟದ್ದು ಹೀಗೆ.

"ಲೋ, ನೀನು ರಾಮನಗರದ ಬಸ್ ಸ್ಟಾಂಡಲ್ಲಿ ಕೂತಿದೀಯ. ಮಾಗಡಿ ಬಸ್ಸು ಅರ್ಧ ಗಂಟೆ ಲೇಟು. ಕನಕಪುರದ್ದು ಟೈಮಿಗೆ ಬಂತು. ಚನ್ನಪಟ್ಟಣದ್ದೂ ಬಂತು. ರಸ್ತೆ ಎಲ್ಲಿ ಅಗೆದವ್ರೆ?"

"ಮಾಗಡಿ ರೋಡಲ್ಲಿ ಕಣಕ್ಕ."

"ಹೋಗಿ ನೋಡ್ಕೊಂಡ್ ಬಂದ್ಯಾ?"

"ಇಲ್ಲ."

"ಮತ್ತೆ ಹೆಂಗೆ ಗೊತ್ತಾಯ್ತು? ಅಷ್ಟೇ ಕಣೋ ನನ್ನ ಥೀಸಿಸ್ಸು. ಉಳಿದಿದ್ದೆಲ್ಲ ಲೆಕ್ಕ."

ಆ ಲೆಕ್ಕ ಮುಗಿದಾಗ ಕಂಪ್ಯೂಟರ್ ಪರದೆಯ ಮೇಲೆ ಹಲಗೆಯ ಚಿತ್ರ ಬರುತ್ತದೆ. ಚೆನ್ನಾಗಿರುವ ಕಡೆ ನೀಲಿ, ಒಳಗೆ ಪೆಟ್ಟಾದ ಕಡೆ ಕೆಂಪು ಕಲೆ. ಇದಕ್ಕೆ ಹಲಗೆ ಗಟ್ಟಿಮುಟ್ಟಾಗಿದ್ದಾಗಿನ ಅಂಕಿಗಳನ್ನು ಮೊದಲೇ ಅಳೆದಿಟ್ಟುಕೊಂಡಿರಬೇಕು. ಆಮೇಲೆ ಏಟು ಕೊಟ್ಟು ಮತ್ತೆ ಅಳೆದು ಹೋಲಿಸಬೇಕು. ಮೊದಲ ಅಂಕಿಗಳ ಪಟ್ಟಿಗೆ ನಾನು ಹಲಗೆಯ ಜಾತಕ ಅಂತ ಹೆಸರಿಟ್ಟಿದ್ದೆ.

ಆರು ತಿಂಗಳ ಹಿಂದೆ ಅಕ್ಕ ಇದನ್ನು ಮೂರು ಜನರ ಕಮಿಟಿಯ ಮುಂದೆ ತೋರಿಸಿದ್ದಳು. ಪರದೆಯ ಮೇಲೆ ಏಟು ಕೊಟ್ಟ ಜಾಗದಲ್ಲಿ ಕಲೆ ಬಂದದ್ದು ನಿಜ, ಆದರೆ ಕೊಡದ ಜಾಗದಲ್ಲೂ ಒಂದೆರಡು ಬಂದಿತ್ತು. ಅವು ಸಡಿಲ ಪಟ್ಟಿಗಳ ಕಿತಾಪತಿ. ಕಮಿಟಿಯವರು ಅವನ್ನು ದೆವ್ವ ಅಂತ ಕರೆದು, "ದೆವ್ವ ಬಿಡಿಸಿಕೊಂಡು ಬನ್ನಿ" ಅಂತ ವಾಪಸ್ ಕಳಿಸಿದ್ದರು. ಈಗ ಇನ್ನೊಂದೇ ಅವಕಾಶ. ಮುಂದಿನ ವಾರದ ಗುರುವಾರ ಒಪ್ಪಿಗೆಯಾಗದಿದ್ದರೆ ಪ್ರಾಜೆಕ್ಟ್ ಮುಚ್ಚಿ, ಯಂತ್ರಗಳನ್ನೆಲ್ಲ ಬೇರೆ ಕಡೆಗೆ ಸಾಗಿಸುತ್ತಾರೆ ಅಂತ ಪತ್ರ ಬಂದಿತ್ತು. ನಾಲ್ಕೂವರೆ ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೇ ಅಕ್ಕ ಎಂಟನೇ ಹಲಗೆಯನ್ನು ಕೂಸಿನ ಹಾಗೆ ಮಾಡಿದ್ದಳು. ಹದಿನಾರು ಪಟ್ಟಿಗೂ, ಕರೆಂಟು ಸರಾಗ ಹರಿಯಲಿ ಅಂತ, ಬೆಳ್ಳಿ ಬಣ್ಣವನ್ನು ತಾನೇ ಹಚ್ಚಿದಳು. ನನ್ನನ್ನು ಬ್ರಷ್ ಮುಟ್ಟಲು ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಜಾತಕ ಬರೆಸಿದ್ದಾಯಿತು. ಹಲಗೆಯನ್ನು ಮರದ ಚೌಕಟ್ಟಿನ ಮೇಲೆ ಮಲಗಿಸಿ, ವೈರು ಸಮೇತ ಮೇಜಿನ ಮೇಲಿಟ್ಟು, ಅವಳೂ ಮೇಷ್ಟ್ರೂ ಯಾವುದೋ ಮೀಟಿಂಗಿಗೆ ಹೋದರು.

ನಾನು ಒಬ್ಬನೇ ಉಳಿದೆ. ಕಾಲೇಜ್ ಡೇ ಹತ್ತಿರ ಬಂದಿತ್ತು. ಅದರಲ್ಲಿ ಮೇಷ್ಟ್ರ ದನಿ ಮಾಡುವುದೆಂದು ತೀರ್ಮಾನಿಸಿದ್ದೆ. ಯಾರೂ ಇಲ್ಲದ ಲ್ಯಾಬು ರಿಹರ್ಸಲ್‌ಗೆ ಹೇಳಿ ಮಾಡಿಸಿದ ಜಾಗ. ನನ್ನ ಬಾಟ್ಲಿ ಕೈಗೆ ತಗೊಂಡೆ. "ಏಟು ಬಿದ್ದವನು ಹೇಳಿಕೊಳ್ಳಬೇಕಪ್ಪಾ! ಹಲಗೆ ಹೇಳಲ್ಲ. ಅದಕ್ಕೇ ನಾವು ಕೇಳ್ತೀವಿ. ಅರ್ಥ ಆಯ್ತಾ, ಆಗ್ಲಿಲ್ವಾ?" ಅಂದು ಬಾಟ್ಲಿ ಕುಕ್ಕಿದೆ. ಟಕ್ ಅಂತ ಬರಬೇಕಿತ್ತು. ಧಪ್ ಅಂತ ಬಂತು. ನೋಡಿದರೆ ಬಾಟ್ಲಿ ಮೇಜಿನ ಮೇಲಿಲ್ಲ, ಹಲಗೆಯ ಬಲ ಮೇಲುಮೂಲೆಯ ಹತ್ತಿರ ನಿಂತಿದೆ.

ಬಗ್ಗಿ ನೋಡಿದೆ, ಗುರುತಿಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ, ಗೀರೂ ಇಲ್ಲ. ಕರವಸ್ತ್ರದಲ್ಲಿ ಒರೆಸಿದೆ, ಮೊದಲಿಗಿಂತ ಹೊಳೆಯಿತು. ಏನೂ ಆಗಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಬಾಟ್ಲಿಯ ನೀರು ಪೂರ್ತಿ ಕುಡಿದೆ. ಕಣ್ಣಿಗೆ ಕಾಣದಿದ್ದರೂ ಒಳಗೆ ಪೆಟ್ಟಾಗಿರುತ್ತದೆ ಅಂತಲೇ ಒಂದು ಇಡೀ ಲ್ಯಾಬು ನಡೆಯುತ್ತಿದೆ, ಅದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆ ಹೊತ್ತಿಗೆ ಅದು ಮಾತ್ರ ನೆನಪಾಗಲಿಲ್ಲ.

ಮಾರನೇ ದಿನ, ಮಂಗಳವಾರ, ಅಕ್ಕ ಎಂಟನೇ ಹಲಗೆಯ ಎಡ ಕೆಳಮೂಲೆಗೆ ಸರಿಯಾಗಿ ಒಂದು ಏಟು ಕೊಟ್ಟಳು. ಉಕ್ಕಿನ ಗುಂಡೊಂದನ್ನು ಕೊಳವೆಯಿಂದ ಬಿಡುವ ವ್ಯವಸ್ಥೆ ಅದು. ಅಳೆದಳು. ಪರದೆಯ ಮೇಲೆ ಎಡ ಕೆಳಮೂಲೆಯಲ್ಲಿ ದುಂಡಗೆ ಕೆಂಪು ಕಲೆ ಬಂತು. ಮೇಷ್ಟ್ರು "ಭೇಷ್" ಅನ್ನುವಷ್ಟರಲ್ಲಿ ಬಲ ಮೇಲುಮೂಲೆಯಲ್ಲಿ ಇನ್ನೊಂದು ಅರಳಿತು. ಮೊದಲನೆಯದಕ್ಕಿಂತ ದಪ್ಪ.

ಅಕ್ಕ ಎರಡನೇ ಸಲ ಅಳೆದಳು. ಮೂರನೇ ಸಲ ಅಳೆದಳು. ಕಲೆ ಅಲ್ಲಾಡಲಿಲ್ಲ.

"ಮತ್ತೆ ದೆವ್ವ," ಅಂದರು ಮೇಷ್ಟ್ರು.

ನಾನು ಆವಾಗಲೇ ಹೇಳಬೇಕಿತ್ತು. ಹೇಳೋಣ ಅಂತ ಬಾಯಿಯನ್ನೂ ತೆರೆದೆ. ಆದರೆ ಎರಡು ತಿಂಗಳ ಹಿಂದೆ ಮೇಷ್ಟ್ರು ನನ್ನನ್ನು ಅವರದೇ ದನಿ ಮಾಡುವಾಗ ಹಿಡಿದುಹಾಕಿದ್ದರು. "ಇನ್ನೊಂದು ಸಲ ಲ್ಯಾಬಲ್ಲಿ ನಾಟಕ ಕಂಡ್ರೆ ನೇರ ಕುದೂರು ಬಸ್ಸು" ಅಂದಿದ್ದರು. ತೆರೆದ ಬಾಯಿಂದ ಹೊರಬಿದ್ದದ್ದು, "ಪಟ್ಟಿ ಸಡಿಲ ಆಗಿರಬಹುದಾ ಸಾರ್?"

ಅಲ್ಲಿಂದ ಶುರುವಾಯಿತು ದೆವ್ವ ಬಿಡಿಸುವ ಕೆಲಸ. ಅಕ್ಕ ಪಟ್ಟಿಗಳ ಬೆಳ್ಳಿ ಬಣ್ಣವನ್ನು ಕೆರೆದು ಮತ್ತೆ ಹಚ್ಚಿದಳು. ವೈರು ಬದಲಾಯಿಸಿದಳು. ದಿನಕ್ಕೆ ಮೂರು ಸಲ ಅಳೆದು, ತಾರೀಖು ಹೊತ್ತು ಬರೆದು, ಪ್ರಿಂಟ್ ತೆಗೆದು ಫೈಲಿಗೆ ಹಾಕಿದಳು. ಭಾನುವಾರವೂ ಕನಕಪುರದಿಂದ ಬಂದು ಅಳೆದು ಹೋದಳು. ಬಲ ಮೇಲುಮೂಲೆಯ ಕಲೆ ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು. ಅದಕ್ಕಿದ್ದ ನಿಯತ್ತು ನನಗಿರಲಿಲ್ಲ.

ಬುಧವಾರ ಮೇಷ್ಟ್ರಿಗೆ ಅರ್ಥಿಂಗ್ ಮೇಲೆ ಅನುಮಾನ ಬಂತು. ಲ್ಯಾಬಿನ ಹಿಂದೆ ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿ ಇದೆ. ಅದು ಒಣಗಿದರೆ ಅಳತೆ ಹಾಳಾಗುತ್ತದೆ ಅಂತ ಅವರ ನಂಬಿಕೆ. "ಗುಂಡಿಗೆ ಉಪ್ಪುನೀರು ಹಾಕು. ಹತ್ತು ಕೊಡ ಹಾಕು. ಅರ್ಥ ಆಯ್ತಾ, ಆಗ್ಲಿಲ್ವಾ?" ಅಂದರು. ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಆ ಕಾಲೇಜಿನಲ್ಲೇ ಇರಲಿಲ್ಲ. ಮಟಮಟ ಮಧ್ಯಾಹ್ನ, ಕಾದ ಬಂಡೆಗಳ ಝಳದಲ್ಲಿ, ನಲ್ಲಿಯಿಂದ ಗುಂಡಿಗೆ ಹತ್ತು ಕೊಡ ಹೊತ್ತೆ. ದೆವ್ವ ಯಾರು ಅಂತ ಗೊತ್ತಿದ್ದೂ ದೆವ್ವವೇ ದೆವ್ವಕ್ಕೆ ನೀರು ಹೊತ್ತದ್ದು ರಾಮನಗರದಲ್ಲಿ ಅದೇ ಮೊದಲಿರಬೇಕು. ಹತ್ತನೇ ಕೊಡ ಸುರಿದು ಒಳಗೆ ಬಂದಾಗ ಅಕ್ಕ ಮತ್ತೆ ಅಳೆಯುತ್ತಿದ್ದಳು. ಕಲೆ ನನ್ನನ್ನೇ ನೋಡುತ್ತಿತ್ತು.

ಅವಳು ಊಟ ಬಿಟ್ಟಿದ್ದಳು. ದಿನಾ ಡಬ್ಬಿಯಲ್ಲಿ ಅರ್ಧ ನನಗೆ ಕೊಡುತ್ತಿದ್ದವಳು ಆ ವಾರ ಪೂರ್ತಿ ಡಬ್ಬಿಯನ್ನೇ ನನ್ನ ಕಡೆ ತಳ್ಳುತ್ತಿದ್ದಳು. "ತಿನ್ನು, ನನಗೆ ಸೇರ್ತಿಲ್ಲ." ಅವರೆಕಾಳು ಉಪ್ಪಿಟ್ಟು. ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತಿತ್ತು. ಇಳಿಯಿತು. ಉಪ್ಪಿಟ್ಟು ಬಹಳ ಚೆನ್ನಾಗಿತ್ತು. ತಿಂದ ಮೇಲೆ ಮಾತ್ರ ಡಬ್ಬಿ ತೊಳೆದುಕೊಡುವಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಶನಿವಾರ ಅವಳು ಮೆತ್ತಗೆ ಅಂದಳು: "ನನ್ನ ಕೈಯಲ್ಲೇ ಏನೋ ಸರಿ ಇಲ್ಲ ಕಣೋ. ಎಂಟು ಹಲಗೆ ಮಾಡ್ದೆ. ಒಂದೂ ನೆಟ್ಟಗಾಗ್ಲಿಲ್ಲ."

"ಹಂಗೇನಿಲ್ಲ ಬುಡಕ್ಕ," ಅಂದೆ. ನನ್ನ ದನಿ ಯಾರದೋ ದನಿಯ ಹಾಗೆ ಕೇಳಿಸಿತು. ನನ್ನದನ್ನು ಮಾತ್ರ ನಾನು ಯಾವತ್ತೂ ಚೆನ್ನಾಗಿ ಮಾಡಿದವನಲ್ಲ.

ಸೋಮವಾರ ಬೆಳಿಗ್ಗೆ ಎರಡು ತೀರ್ಮಾನವಾಯಿತು. ಒಂದು, ಹಲಗೆ ಕೂರಿಸುವ ಮರದ ಚೌಕಟ್ಟು ಎಲ್ಲೋ ಒತ್ತುತ್ತಿರಬಹುದು, ಚನ್ನಪಟ್ಟಣದಿಂದ ಹೊಸದು ಮಾಡಿಸುವುದು. ಅಳತೆ ತಪ್ಪದಿರಲಿ ಅಂತ ವೈರು ಬಿಚ್ಚಿದ ಹಲಗೆಯನ್ನೇ ನನ್ನ ಕೈಲಿ ಕೊಟ್ಟರು. ಎರಡನೆಯದು, ಅಕ್ಕ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸೇರಿಸುವುದು. ಮೊದಲು ಮೂಡಿದ ಕಲೆಯ ಜೊತೆ ದೂರದಲ್ಲಿ ಇನ್ನೊಂದು ಬಂದರೆ, ಆ ಇನ್ನೊಂದನ್ನು ದೆವ್ವ ಅಂತ ಅಳಿಸಿಹಾಕುವ ಫಿಲ್ಟರು. ಇಷ್ಟವಿಲ್ಲದೇ ಒಪ್ಪಿದ್ದಳು. ಗುರುವಾರಕ್ಕೆ ಬೇರೆ ದಾರಿ ಇರಲಿಲ್ಲ.

ಹಲಗೆಯನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಚನ್ನಪಟ್ಟಣಕ್ಕೆ ಹೋದೆ. ದೊಡ್ಡಮಳೂರು ಕಡೆಗೆ ಹೋಗುವ ರಸ್ತೆಯ ಪಕ್ಕದ ಬೀದಿಯಲ್ಲಿ ನಮ್ಮ ಚೌಕಟ್ಟುಗಳನ್ನು ಮಾಡಿಕೊಡುವ ಚಾಚಾ ಇದ್ದಾರೆ. ಮಕ್ಕಳ ಬೊಂಬೆ ಕಡೆಯುವ ಲೇತಿನ ಮುಂದೆ ಕೂತೇ ಅರವತ್ತು ದಾಟಿದವರು. ನಾನು ಬಾಗಿಲಲ್ಲೇ ಅವರ ಲೇತಿನ ಸದ್ದು ಮಾಡಿದೆ.

"ಬೆಲ್ಟು ಸಡಿಲ ಆಗೈತೆ ನಿನ್ನ ಲೇತಿಂದು," ಅಂದರು ತಲೆ ಎತ್ತದೆ. ಆಮೇಲೆ ಟವೆಲ್ ಬಿಚ್ಚಿ ನೋಡಿ, "ಕ್ಯಾ ಬೇಟಾ, ಕೇರಂ ಬೋರ್ಡಾ ಇದು?"

"ಇಮಾನದ್ದು ಚಾಚಾ."

"ಇಮಾನದ್ದಾ? ಮಿಕ್ಕಿದ್ದು ಎಲ್ಲಿ ಬಿಟ್ ಬಂದೆ?"

ಚಾಚಾಗೆ ಒಂದು ರೂಢಿ ಇದೆ. ಬೊಂಬೆಗೆ ತರುವ ಆಲೆ ಮರದ ತುಂಡನ್ನು ಲೇತಿಗೆ ಹಾಕುವ ಮೊದಲು ಕಿವಿಯ ಹತ್ತಿರ ಹಿಡಿದು, ಉಳಿಯ ಹಿಡಿಯಿಂದ ಉದ್ದಕ್ಕೂ ತಟ್ಟಿಕೊಂಡು ಹೋಗುತ್ತಾರೆ. ಒಳಗೆ ಬಿರುಕಿದ್ದರೆ ಸದ್ದು ಹೇಳುತ್ತದೆ. ಕೈಗೆ ಏನೇ ಸಿಕ್ಕರೂ ತಟ್ಟುವುದು ಅಭ್ಯಾಸವಾಗಿಬಿಟ್ಟಿದೆ. ಚೌಕಟ್ಟಿನ ಅಳತೆ ತೆಗೆಯುವ ಮೊದಲು ನಮ್ಮ ಹಲಗೆಯನ್ನೂ ತಟ್ಟಿದರು. ಟಣ್, ಟಣ್, ಟಣ್. ಎಡ ಕೆಳಮೂಲೆಗೆ ಬಂದಾಗ ಡಬ್. ಮತ್ತೆ ಟಣ್, ಟಣ್. ಬಲ ಮೇಲುಮೂಲೆಯಲ್ಲಿ ಡಬ್.

"ಎರಡು ಕಡೆ ಏಟು ತಿಂದೈತೆ."

"ಒಂದೇ ಕಡೆ ಚಾಚಾ. ಈ ಕೆಳಗಿಂದು ನಮ್ಮಕ್ಕ ಹೊಡೆದಿದ್ದು."

"ಅದು ಅಕ್ಕ ಹೊಡೆದಿದ್ದು. ಮೇಲಿಂದು ಯಾರು, ಭಾವ ಹೊಡೆದಿದ್ದಾ?"

ನಾನು ನಗಲಿಲ್ಲ. ಅವರು ತಲೆ ಎತ್ತಿ ನೋಡಿದ್ದು ಆವಾಗಲೇ. ನಾನು ನಗದೇ ಇದ್ದದ್ದನ್ನು ಅವರು ಅದುವರೆಗೆ ಕಂಡಿರಲಿಲ್ಲ. ಎಡ ಹುಬ್ಬಿನ ಮೇಲಿದ್ದ ಹಳೇ ಗಾಯದ ಗೆರೆಯನ್ನು ಬೆರಳಲ್ಲಿ ಸವರಿಕೊಂಡು, "ಒಂದ್ಸಲ ಹಿಂಗೇ ಡಬ್ ಅಂದಿತ್ತು. ಕೇಳಿಸ್ತು. ಕೇಳಿಸಿದ್ರೂ, ಅರ್ಜೆಂಟ್ ಆರ್ಡರ್ ಐತಲ್ಲ ಅಂತ ಲೇತಿಗೆ ಹಾಕ್ದೆ. ತಿರುಗ್ತಾ ಸಿಡಿದು ಮುಖಕ್ಕೆ ಬಂತು. ಕಣ್ಣು ಉಳೀತು," ಅಂದು ಅಳತೆ ಕಡ್ಡಿ ಹುಡುಕಲು ಎದ್ದರು.

ಅಲ್ಲೇ ಮರದ ಹೊಟ್ಟಿನ ಮೇಲೆ ಕೂತೆ. ಆ ನಾಲ್ಕು ಸಾಲು ನೆನಪಾಯಿತು. ಒಂದು ರೆಕ್ಕೆಗೆ ಎರಡು ಕಡೆ ಪೆಟ್ಟಾಗಿದ್ದರೆ ಅಕ್ಕನ ಯಂತ್ರ ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಿಹಾಕುತ್ತದೆ. ಸುಳ್ಳು ಹೇಳಲು ಬಾರದ ಯಂತ್ರಕ್ಕೆ ಅವಳೇ ಕೂತು ಸುಳ್ಳು ಕಲಿಸುತ್ತಿದ್ದಾಳೆ. ಕಾರಣ ನಾನು.

ಒಳ್ಳೆಯವನಾದರೆ ಎದ್ದು ಮುಂದಿನ ಬಸ್ಸು ಹಿಡಿಯುತ್ತಿದ್ದ. ನಾನು ಚಾಚಾರ ಫೋನು ಕೇಳಿ ಇಸ್ಕೊಂಡೆ. ಅಕ್ಕನ ನಂಬರು ಒತ್ತಿ, ಗಂಟಲು ಸರಿಮಾಡಿಕೊಂಡು, ಮೇಷ್ಟ್ರಾದೆ.

"ನೋಡಮ್ಮಾ, ನಾನು. ಬೇರೆಯವರ ಫೋನಿಂದ ಮಾಡ್ತಿದೀನಿ. ಆ ಫಿಲ್ಟರ್ ಬೇಡ. ಎರಡನೇ ಕಲೆ ನಿಜಾನೇ ಇರಬಹುದು. ಆ ಜಾಗಕ್ಕೆ ಏನೋ ಬಿದ್ದಿರಬಹುದು. ಅರ್ಥ ಆಯ್ತಾ, ಆಗ್ಲಿಲ್ವಾ?"

ಆ ಕಡೆಯಿಂದ ಅಕ್ಕ ಅಂದಳು, "ಒಂದ್ನಿಮಿಷ ಸಾರ್. ನೀವು ನನ್ನ ಎದುರಿಗೇ ಕೂತಿದೀರ. ನಿಮಗೇ ಕೊಡ್ತೀನಿ."

ಫೋನಿನಲ್ಲಿ ಮೇಷ್ಟ್ರು ಬಂದರು. "ಯಾರ್ರೀ ಮಾತಾಡ್ತಿರೋದು?"

ಗಾಬರಿಯಲ್ಲಿ ನನ್ನ ದನಿ ಎಲ್ಲಿಟ್ಟಿದ್ದೆ ಅಂತ ಸಿಗಲಿಲ್ಲ. ಅವರ ದನಿಯಲ್ಲೇ ಹೇಳಿದೆ, "ನಾನೇ."

ಲ್ಯಾಬಿಗೆ ವಾಪಸ್ ಬಂದಾಗ ಮೇಷ್ಟ್ರು ತಮ್ಮ ಕುರ್ಚಿಯಿಂದ ಎದ್ದು ನಿಂತು, "ಬನ್ನಿ ಸಾರ್, ಕೂತ್ಕೊಳ್ಳಿ," ಅಂದರು. ನಾನು ಕೂರಲಿಲ್ಲ. ಟವೆಲ್ ಸಮೇತ ಹಲಗೆ ಮೇಜಿನ ಮೇಲಿಟ್ಟು, ಹೋದ ಸೋಮವಾರದಿಂದ ಶುರುಮಾಡಿ ಎಲ್ಲ ಹೇಳಿದೆ. ಯಾರ ದನಿಯೂ ಸೇರಿಸದೆ ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಇಷ್ಟೇ ಇದ್ದದ್ದಕ್ಕೆ ಏಳು ದಿನ ಹಿಡಿದಿದ್ದೆ.

ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಟವೆಲ್ ಸರಿಸಿ ಹಲಗೆಯ ಬಲ ಮೇಲುಮೂಲೆಯ ಮೇಲೆ ಕೈ ಇಟ್ಟಳು.

"ಏಳು ದಿನ ನನ್ನ ಕೈನೇ ಬೈಕೊಂಡೆ ಕಣೋ," ಅಂದಳು. "ಮಗ್ಗುಲಲ್ಲೇ ಕೂತು ಉಪ್ಪಿಟ್ಟು ತಿಂತಿದ್ಯಲ್ಲೋ."



ಅವಳು ಹೋಗಿ ಕಂಪ್ಯೂಟರ್ ಮುಂದೆ ಕೂತು ನಾಲ್ಕು ಸಾಲನ್ನೂ ಒಂದೊಂದಾಗಿ ಅಳಿಸಿದಳು. ತಿರುಗಿದಾಗ ಮುಖ ಬೇರೆಯೇ ಆಗಿತ್ತು. "ಸಾರ್, ಇವನು ಹೇಳಿದ್ದು ನಿಜ ಆದ್ರೆ ನಮಗೆ ಗೊತ್ತೇ ಇಲ್ಲದ ಏಟನ್ನ ಯಂತ್ರ ಕಂಡುಹಿಡಿದಿದೆ. ನಾವು ಬೇಕಂತ ಏಟು ಕೊಟ್ಟು ಅಲ್ಲೇ ಹುಡುಕೋದಕ್ಕಿಂತ ಇದು ದೊಡ್ಡ ಪರೀಕ್ಷೆ."

"ನಿಜ ಆದ್ರೆ," ಅಂದರು ಮೇಷ್ಟ್ರು ನನ್ನ ಕಡೆ ನೋಡುತ್ತಾ. "ಒಂದು ಬಾಟ್ಲಿ ಏಟಿಗೆ ಅಷ್ಟು ದೊಡ್ಡ ಕಲೆ ಬರುತ್ತಾ? ಮೂರನೇ ನಂಬರ್ ಹಲಗೆ ಕೆಲಸಕ್ಕಿಲ್ಲ, ತಗೊಂಡ್ ಬಾ. ಜಾತಕ ಬರೆಸು. ಅವತ್ತು ಹೆಂಗೆ ಕುಕ್ಕಿದ್ಯೋ ಹಂಗೇ ಕುಕ್ಕು."

"ಹಂಗೇ ಅಂದ್ರೆ ಸಾರ್, ಮಾತಿನ ಸಮೇತಾನಾ?"

"ಸಮೇತ."

ಮೇಷ್ಟ್ರ ಮುಂದೆ ನಿಂತು ಮೇಷ್ಟ್ರಾಗುವ ಕಷ್ಟ ಶತ್ರುವಿಗೂ ಬೇಡ. "ಏಟು ಬಿದ್ದವನು ಹೇಳಿಕೊಳ್ಳಬೇಕಪ್ಪಾ" ಅಂತ ಶುರುಮಾಡಿ, ಆ ಮಾತು ಯಾರಿಗೆ ಹತ್ತುತ್ತಿದೆ ಅಂತ ಹೊಳೆದು ನಡುವೆ ನಿಂತೆ. "ಮುಂದಕ್ಕೆ," ಅಂದರು. ಮುಂದಕ್ಕೆ ಹೋಗಿ, ಅರ್ಥ ಆಯ್ತಾ ಆಗ್ಲಿಲ್ವಾ ಅಂತ ಕೇಳಿ, ಕುಕ್ಕಿದೆ. ಧಪ್.

ಮೇಷ್ಟ್ರು ಕೈಕಟ್ಟಿಕೊಂಡು ನೋಡುತ್ತಿದ್ದರು. "ತಪ್ಪು," ಅಂದರು.

"ಏಟು ಕಮ್ಮಿ ಆಯ್ತಾ ಸಾರ್?"

"ಏಟಲ್ಲಪ್ಪ. ನಾನು ಎಡಗೈಯಲ್ಲಿ ಕುಕ್ಕೋದು. ಒಂದೂವರೆ ವರ್ಷದಿಂದ ನನ್ನನ್ನೇ ನೋಡ್ತಿದೀಯ. ಅಷ್ಟೂ ಗೊತ್ತಾಗ್ಲಿಲ್ವಾ?"

ಕಾಲೇಜಿನಲ್ಲಿ ನನಗೆ ಬಂದಿದ್ದ ಹೆಸರೆಲ್ಲ ಆ ಒಂದು ಮಾತಿಗೆ ನೆಲಕ್ಕೆ ಬಿತ್ತು. ಕುದೂರು ಬಸ್ಸಿನ ಮಾತು ಎತ್ತುತ್ತಾರೇನೋ ಅಂತ ಕಾದೆ. ಎತ್ತಲಿಲ್ಲ. ಅಷ್ಟರಲ್ಲಿ ಅಕ್ಕ ಅಳೆದು ಮುಗಿಸಿದ್ದಳು. ಮೂರನೇ ಹಲಗೆಯಲ್ಲೂ ಕಲೆ ಬಂದಿತ್ತು. ಎಂಟನೆಯದರ ಕಲೆಯ ಪಕ್ಕದಲ್ಲಿಟ್ಟರೆ ಅವಳಿಜವಳಿ.

ಮಂಗಳವಾರ ಎಂಟ‌ನೇ ಹಲಗೆಯನ್ನು ವಜ್ರದ ಗರಗಸದಲ್ಲಿ ಎರಡೂ ಕಲೆಗಳನ್ನು ಸೀಳಿಕೊಂಡು ಹೋಗುವ ಹಾಗೆ ಕುಯ್ದೆವು. ಹಿಡಿದುಕೊಳ್ಳುವ ಕೆಲಸ ನನಗೇ ಕೊಟ್ಟಳು. ಕುಯ್ದ ಅಂಚನ್ನು ಉಜ್ಜಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ, ಗುಂಡು ಬಿದ್ದ ಕಡೆಯೂ ಬಾಟ್ಲಿ ಬಿದ್ದ ಕಡೆಯೂ ಪದರ ಪದರ ಬಿಟ್ಟಿತ್ತು. ಮೇಲಿನ ಮೈ ಮಾತ್ರ ನಾನು ಒರೆಸಿಟ್ಟ ದಿನದ ಹಾಗೆಯೇ ಮಿರಮಿರ ಮಿಂಚುತ್ತಿತ್ತು.

ಗುರುವಾರ ಕಮಿಟಿ ಬಂತು. ಮೂವರಲ್ಲಿ ನಡುವೆ ಕೂತವರು ವಿಮಾನದ ರಿಪೇರಿಯಲ್ಲೇ ನಿವೃತ್ತರಾದ ಹಿರಿಯರು. ಆರು ತಿಂಗಳ ಹಿಂದೆ ದೆವ್ವದ ಮಾತು ಎತ್ತಿದವರೂ ಅವರೇ. ಅಕ್ಕ ಎಲ್ಲವನ್ನೂ ಮುಚ್ಚಿಡದೆ ಹೇಳಿದಳು, ಬಾಟ್ಲಿ ಸಮೇತ. ಕುಯ್ದ ತುಂಡು ಕೈಗೆ ಕೊಟ್ಟಳು. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಪೆಟ್ಟಾಗಿರೋದು ನಿಜ," ಅಂದರು. "ಯಾವಾಗ ಆಯ್ತು ಅನ್ನೋದು ಪ್ರಶ್ನೆ. ಹೊಡೆದವರು ಯಾರು?"

ನಾನು ಎದ್ದು ನಿಂತೆ.

"ಯಾವತ್ತು ಹೊಡೆದೆ?"

"ಹೋದ ವಾರ ಸೋಮವಾರ ಸಾರ್. ಚಿತ್ರ ಬರೋ ಹಿಂದಿನ ದಿನ."

"ನೋಡಿದವರು?"

"ಯಾರೂ ಇಲ್ಲ ಸಾರ್."

ಅವರು ಮೇಷ್ಟ್ರ ಕಡೆ ತಿರುಗಿದರು. "ಯಾರಿವನು?"

"ನಮ್ಮ ಪ್ರಾಜೆಕ್ಟ್ ಅಸಿಸ್ಟೆಂಟ್. ಮಿಮಿಕ್ರಿ ಮಾಡ್ತಾನೆ," ಅಂದರು ಮೇಷ್ಟ್ರು. ಎರಡನೆಯದು ಬೇಕಿರಲಿಲ್ಲ.

"ಅಂದ್ರೆ ಇನ್ನೊಬ್ಬರ ಮಾತನ್ನ ಆಡೋನು." ಹಿರಿಯರು ತುಂಡನ್ನು ಮೇಜಿನ ಮೇಲಿಟ್ಟು ಅಕ್ಕನ ಕಡೆ ನೋಡಿದರು. "ಇವತ್ತು ಯಾರ ಮಾತು ಆಡ್ತಿದಾನಮ್ಮ, ನಿನ್ನದಾ? ಎರಡನೇ ಕಲೆ ಬಂದ ಮೇಲೆ, ದೆವ್ವ ಅನ್ನಿಸ್ಕೊಳ್ಳೋ ಬದಲು, ಅದೇ ಜಾಗಕ್ಕೆ ಹೋಗಿ ಕುಕ್ಕಿ ನಿಜ ಮಾಡಿಕೊಂಡಿಲ್ಲ ಅಂತ ಏನು ಗ್ಯಾರಂಟಿ? ಈ ಹುಡುಗನ ಬಾಯಿಮಾತು ಬಿಟ್ರೆ ಬೇರೆ ಏನಿದೆ? ಇವನನ್ನ ನಂಬಿ ನಾನು ಸಹಿ ಹಾಕಬೇಕಾ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರ ಜಾಗದಲ್ಲಿದ್ದರೆ ನನ್ನನ್ನು ನಾನೇ ನಂಬುತ್ತಿರಲಿಲ್ಲ. ಮೇಷ್ಟ್ರು ಏನೋ ಹೇಳಲು ಹೋದರು. ಅಕ್ಕ ಕೈ ಅಡ್ಡ ಹಿಡಿದು, ದೆವ್ವ ಬಿಡಿಸುವ ವಾರದಲ್ಲಿ ದಿನಕ್ಕೆ ಮೂರು ಸಲದಂತೆ ಅಳೆದು ಪ್ರಿಂಟ್ ತೆಗೆದಿದ್ದ ಫೈಲನ್ನು ಅವರ ಮುಂದೆ ಬಿಚ್ಚಿಟ್ಟಳು. ಮೊದಲನೇ ಮಂಗಳವಾರದಿಂದ ಸೋಮವಾರದವರೆಗೆ, ಭಾನುವಾರವೂ ಸೇರಿ. ನಡುವೆ ಯಾವತ್ತಾದರೂ ಆ ಜಾಗಕ್ಕೆ ಹೊಸ ಏಟು ಬಿದ್ದಿದ್ದರೆ ಅಂಕಿ ಅವತ್ತು ಜಿಗಿದಿರಬೇಕಿತ್ತು, ಎಲ್ಲೂ ಜಿಗಿದಿರಲಿಲ್ಲ. ಹಿರಿಯರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಳೆ ತಿರುವುತ್ತಾ ತಿರುವುತ್ತಾ ಅವರ ಬೆರಳು ನಿಧಾನವಾಯಿತು.

ಆಮೇಲೆ ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ, ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು. ಅದಕ್ಕೆ ಮೊದಲು ಅಕ್ಕ ಹೇಳಿದ್ದನ್ನು ಒಂದಕ್ಷರ ಆಚೀಚೆ ಮಾಡದೆ ಬರೆಯುತ್ತೇನೆ. ಅಷ್ಟು ಹೊತ್ತೂ ನಾಜೂಕಾಗಿ ಮಾತಾಡುತ್ತಿದ್ದವಳ ಬಾಯಿಗೆ ಪೂರ್ತಿ ಕನಕಪುರ ಬಂದುಬಿಟ್ಟಿತ್ತು.

"ಇವನ್ನ ನಂಬ್ಲೇಬೇಡಿ ಸಾರ್. ಇವ್ನು ಬಾಯಿ ಬುಡೋಕೆ ಒಂದು ವಾರ ತಗೊಂಡವ್ನೆ. ಹಲಗೆ ಮೊದಲ್ನೇ ದಿನ ಹೇಳಿದ್ದನ್ನೇ ಏಳು ದಿನವೂ ಹೇಳೈತೆ, ಕೇಳಿಸ್ಕೊಳ್ದೆ ಕೂತಿದ್ದೋಳು ನಾನು."